ದೈವಚಿತ್ತಕ್ಕೆ ತಲೆಬಾಗಿದ ಸಂತ ಜೋಸೆಫ್ ವಾಜ್

ಚಳಿಗಾಲ ಬಂತೆಂದರೆ ನಮ್ಮ ಶಿರಹಟ್ಟಿ ಸೀಮೆಯ ಮಾಗಡಿ ಕೆರೆಯ ತುಂಬ ಪಟ್ಟೆತಲೆಯ ಹೆಬ್ಬಾತುಗಳು. ಹಿಮಾಲಯವನ್ನು ದಾಟಿ ಬರುವ ಈ ಹಕ್ಕಿಗಳು ಹಗಲು ನೀರಿನಲ್ಲಿ ವಿಶ್ರಮಿಸಿ, ಸಂಜೆಯಾಗುತ್ತಲೇ ಸುತ್ತಲಿನ ಹೊಲಗಳಿಗೆ ಮೇಯಲು ಹಾರುತ್ತವೆ. ಬಿಸಿಲು ಬಲಿಯತೊಡಗಿದಾಗ ಬಂದ ದಾರಿಯಲ್ಲಿಯೇ ಮರಳುತ್ತವೆ. ಸೃಷ್ಟಿಕರ್ತರು ಹಾಕಿಕೊಟ್ಟ ದಾರಿಯನ್ನು ಹಕ್ಕಿ ಮೀರುವುದಿಲ್ಲ. ಆದರೆ ಇದನ್ನು ವಿಧೇಯತೆ ಎನ್ನಲಾಗದು, ಏಕೆಂದರೆ ಮೀರುವ ಶಕ್ತಿಯೇ ಅದಕ್ಕಿಲ್ಲ. ಬುದ್ಧಿಯಿಂದ ತಿಳಿದು, ಸ್ವಂತ ಇಚ್ಛೆಯಿಂದ ಒಪ್ಪಿ ನಡೆಯುವವನು ಮಾತ್ರ ವಿಧೇಯನು. ಗುರುಮಠದಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ ಈ ಮಾತು ಬಹಳ ಸರಳವಾಗಿ ಕಂಡಿತ್ತು. ಅದರ ಭಾರ ಎಷ್ಟೆಂಬುದು ತಿಳಿಯುವುದು ಅದನ್ನು ಬಾಳಿದವರ ಕಥೆ ಓದಿದಾಗಲೇ.

ಹೆಬ್ಬಾತುಗಳು ಕೆರೆಯಲ್ಲಿರುವ ಈ ದಿನಗಳಲ್ಲಿಯೇ, ಜನವರಿ 16ರಂದು, ಧರ್ಮಸಭೆಯು ಸಂತ ಜೋಸೆಫ್ ವಾಜರನ್ನು ಸ್ಮರಿಸುತ್ತದೆ. ಲೋಕವು ಅವರನ್ನು ಶ್ರೀಲಂಕಾದ ಪ್ರೇಷಿತರೆಂದು ಬಲ್ಲದು. ಆದರೆ ಅವರ ವಿಧೇಯತೆಯು ಪುಟಕ್ಕಿಟ್ಟ ಚಿನ್ನವಾದದ್ದು ನಮ್ಮ ಕರ್ನಾಟಕದ ಕರಾವಳಿಯಲ್ಲಿ ಎಂಬುದನ್ನು ನಮ್ಮವರೇ ಮರೆತಂತಿದೆ.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿ ಗ್ರಾಮದಲ್ಲಿ ಜನಿಸಿದರು. ತಂದೆ ಕ್ರಿಸ್ಟೊವಾಂವ್ ವಾಜ್, ತಾಯಿ ಮರಿಯಾ ದೆ ಮಿರಾಂಡಾ. ಭಕ್ತಿವಂತರ ಮನೆ, ಕೊಂಕಣಿ ಮನೆಮಾತು. 1676ರಲ್ಲಿ ಗುರುಪಟ್ಟ ದೊರೆಯಿತು. ಮರುವರ್ಷ, 1677ರ ಆಗಸ್ಟ್ 5ರಂದು, ಅವರು ತಮ್ಮನ್ನು ಮಾತೆ ಮರಿಯಮ್ಮನವರ ದಾಸನನ್ನಾಗಿ ಅರ್ಪಿಸಿಕೊಂಡು ಒಂದು ದಾಸ್ಯಪತ್ರವನ್ನು ಬರೆದುಕೊಟ್ಟರು. ಇನ್ನು ಮುಂದೆ ತನಗೆ ತನ್ನದೆಂಬ ಇಚ್ಛೆ ಇಲ್ಲವೆಂದು ಕಾಗದದ ಮೇಲೆ ಬರೆಯುವುದು ಒಂದು. ಅದನ್ನು ದೇವರು ನಿಜವೆಂದೇ ಎಣಿಸಿ ಪರೀಕ್ಷೆಗೆ ಒಡ್ಡುವುದು ಇನ್ನೊಂದು.

ಆ ಪರೀಕ್ಷೆ ಬೇಗನೆ ಬಂತು. 1658ರಲ್ಲಿ ಜಾಫ್ನಾವನ್ನೂ ಗೆದ್ದುಕೊಂಡು ಲಂಕೆಯ ಕರಾವಳಿಯನ್ನು ಹಿಡಿತಕ್ಕೆ ತಂದುಕೊಂಡ ಡಚ್ಚರು ಅಲ್ಲಿಂದ ಕಥೋಲಿಕ ಗುರುಗಳನ್ನು ಓಡಿಸಿದ್ದರು. ಅಲ್ಲಿಯ ವಿಶ್ವಾಸಿಗಳು ಬಲಿಪೂಜೆಯಿಲ್ಲದೆ, ಪಾಪನಿವೇದನೆಗೆ ಕಿವಿಗೊಡುವವರಿಲ್ಲದೆ ವರ್ಷಗಟ್ಟಲೆ ಕಳೆದಿದ್ದರು. ಈ ಸುದ್ದಿ ಕೇಳಿದಂದಿನಿಂದ ತರುಣ ಗುರುವಿನ ಮನಸ್ಸೆಲ್ಲ ಲಂಕೆಯಲ್ಲಿ. ತನ್ನನ್ನು ಅಲ್ಲಿಗೆ ಕಳುಹಿಸಬೇಕೆಂದು ಅವರು ಬೇಡಿಕೊಂಡರು. ಆದರೆ 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳು ಅವರನ್ನು ಕೆನರಾ ಸೀಮೆಯ ಮುಖ್ಯಗುರುವನ್ನಾಗಿ ನೇಮಿಸಿ ಮಂಗಳೂರಿಗೆ ಕಳುಹಿಸಿದರು. ಬೇಡಿದ್ದು ಸಮುದ್ರದಾಚೆಯ ದ್ವೀಪ, ದೊರೆತದ್ದು ನೆರೆಯ ನಾಡು. ಗೊಣಗದೆ ಹೊರಟರು.

ಆಗ ಕೆನರಾ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ರಾಣಿಯಿಂದ ಕ್ರೈಸ್ತರಿಗೆ ತೊಂದರೆ ಇರಲಿಲ್ಲ; ಮಂಗಳೂರಿನ ಮಿಲಾಗ್ರಿಸ್ ದೇವಾಲಯಕ್ಕೆ ಭೂಮಿ ಕೊಟ್ಟವರು ಆಕೆಯೇ. ತೊಂದರೆ ಇದ್ದದ್ದು ಕ್ರೈಸ್ತರ ಒಳಗೆ. ಪೂರ್ವದೇಶಗಳಿಗೆ ಧರ್ಮಾಧ್ಯಕ್ಷರನ್ನೂ ಗುರುಗಳನ್ನೂ ಆರಿಸಿ ಕಳುಹಿಸುವ ಹಕ್ಕನ್ನು ಪೋರ್ತುಗೀಸ್ ದೊರೆಗಳು ಹಿಂದಿನ ಜಗದ್ಗುರುಗಳಿಂದ ಪಡೆದಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. ಪೋರ್ತುಗೀಸರ ಬಲ ಕುಗ್ಗಿದ ಕಡೆಗಳಿಗೆ ರೋಮ್ ನೇರವಾಗಿ ತನ್ನ ಪ್ರತಿನಿಧಿಗಳನ್ನು ಕಳುಹಿಸತೊಡಗಿದಾಗ ತಿಕ್ಕಾಟ ಹುಟ್ಟಿತು. ಹಾಗೆ 1675ರಲ್ಲಿ ಕೆನರಾಕ್ಕೆ ನೇಮಕಗೊಂಡವರು ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ, ಅವರೂ ಗೋವೆಯವರೇ. ಗೋವೆ ಅವರ ಅಧಿಕಾರವನ್ನು ಒಪ್ಪಲಿಲ್ಲ. ಒಂದು ಪಕ್ಷದ ಗುರು ಕೊಟ್ಟ ಸಂಸ್ಕಾರ ಸಿಂಧುವಲ್ಲವೆಂದು ಇನ್ನೊಂದು ಪಕ್ಷದವರು ಹೇಳುವ ಸ್ಥಿತಿ. ತನ್ನ ಮದುವೆ ಮದುವೆಯೋ ಅಲ್ಲವೋ ಎಂದು ತಿಳಿಯದ ಒಬ್ಬ ಸಾಮಾನ್ಯ ಕ್ರೈಸ್ತನ ಕಳವಳವನ್ನು ಊಹಿಸಿರಿ!

ವಾಜರನ್ನು ಕಳುಹಿಸಿದ್ದು ಗೋವೆಯ ಪಕ್ಷವನ್ನು ಎತ್ತಿ ಹಿಡಿಯಲೆಂದೇ. ಮೂವತ್ತು ವರ್ಷದ ಈ ಗುರು ಮಾಡಿದ್ದೇನು? ಮೊದಲು ಧರ್ಮಾಧ್ಯಕ್ಷರ ಮನೆಗೆ ಹೋಗಿ, ಜಗದ್ಗುರುಗಳ ನೇಮಕಪತ್ರವನ್ನು ತೋರಿಸಬೇಕೆಂದು ವಿನಯದಿಂದ ಕೇಳಿದರು. ಪತ್ರ ಸಾಚಾ ಆಗಿತ್ತು. ಈಗ ಅವರ ಮುಂದೆ ಎರಡು ಆಜ್ಞೆಗಳು: ತನ್ನನ್ನು ಕಳುಹಿಸಿದ ಗೋವೆಯದು ಒಂದು, ಗೋವೆಗೂ ಮೇಲಿನ ರೋಮಿನದು ಮತ್ತೊಂದು. ಗೋವೆಯನ್ನು ಧಿಕ್ಕರಿಸಿ ಪಕ್ಷ ಬದಲಿಸಬಹುದಿತ್ತು. ಕಂಡದ್ದನ್ನು ಕಾಣದವರಂತೆ ಹೇಳಿದ ಕೆಲಸವನ್ನು ಮಾಡಿ ಮುಗಿಸಲೂಬಹುದಿತ್ತು. ಅವರು ಎರಡನ್ನೂ ಮಾಡಲಿಲ್ಲ. ರೋಮಿನಿಂದ ಸ್ಪಷ್ಟ ತೀರ್ಮಾನ ಬರುವವರೆಗೆ ಜಗಳವನ್ನು ಬೆಳೆಸದಿರುವಂತೆ ಧರ್ಮಾಧ್ಯಕ್ಷರ ಮನವೊಲಿಸಿ, ತಾತ್ಕಾಲಿಕವಾಗಿ ಅವರಿಂದಲೂ ಅಧಿಕಾರವನ್ನು ಪಡೆದರು. ಜನರ ಮನಸ್ಸಿನ ಸಂಶಯ ನೀಗಿತು.

ಅಷ್ಟರಲ್ಲಿ ಗೋವೆಗೆ ಹೊಸ ಮಹಾಧರ್ಮಾಧ್ಯಕ್ಷರು ಬಂದರು. ಅವರು ಕೆಲಕಾಲ ಸುಮ್ಮನಿದ್ದು, ಬಳಿಕ ತೋಮಸ್ ದೆ ಕಾಸ್ತ್ರೊ ಹಾಗೂ ಅವರ ಅನುಯಾಯಿಗಳ ವಿರುದ್ಧ ಬಹಿಷ್ಕಾರದ ಪತ್ರಗಳನ್ನು ಹೊರಡಿಸಿ, ಎಲ್ಲ ದೇವಾಲಯಗಳ ಬಾಗಿಲಿಗೆ ಅಂಟಿಸುವಂತೆ ವಾಜರಿಗೆ ಆಜ್ಞಾಪಿಸಿದರು. ವಾಜರು ಅವನ್ನು ಅಂಟಿಸುವ ಬದಲು ಮಹಾಧರ್ಮಾಧ್ಯಕ್ಷರಿಗೆ ಕಾಗದ ಬರೆದರು. ಒತ್ತಾಯಿಸಬಾರದು, ಕಾಲಾವಕಾಶ ಕೊಡಬೇಕು ಎಂದು ಅಂಗಲಾಚಿದರು.

ಇದು ಅವಿಧೇಯತೆಯಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅಧಿಕಾರಿಯ ಆಜ್ಞೆಗೆ ಅದರದೇ ಆದ ಎಲ್ಲೆಯುಂಟು. ಅದು ಮೇಲಿನ ಆಜ್ಞೆಗೆ ಎದುರಾದಾಗ ಮೇಲಿನದನ್ನೇ ನೋಡಬೇಕೆಂಬುದು ಅಕ್ವಿನಾಸರ ಬೋಧನೆ. ವಾಜರು ಹಿರಿಯರ ಬೆನ್ನ ಹಿಂದೆ ಏನನ್ನೂ ಮಾಡಲಿಲ್ಲ, ಅವರ ವಿರುದ್ಧ ಜನರನ್ನು ಎತ್ತಿಕಟ್ಟಲಿಲ್ಲ, ತಮ್ಮ ಹುದ್ದೆಯನ್ನು ಬಿಸಾಡಿ ಹೋಗಲೂ ಇಲ್ಲ. ನಮ್ಮ ಮನೆಗಳಲ್ಲಿ ವಿಧೇಯತೆ ಎಂಬ ಮಾತನ್ನು ಹಿರಿಯರು ಕೈಯ ಕೋಲಿನಂತೆ ಬಳಸುವುದುಂಟು. ಮಗಳು ಕನ್ಯಾಮಠಕ್ಕೆ ಸೇರುತ್ತೇನೆಂದಾಗ ಅಥವಾ ಮಗನು ಲಂಚದ ನೌಕರಿ ಬೇಡವೆಂದಾಗ, ತಂದೆತಾಯಿಯನ್ನು ಗೌರವಿಸಬೇಕೆಂಬ ಕಟ್ಟಳೆಯನ್ನು ನೆನಪಿಸಲು ನನ್ನ ಬಳಿಗೆ ಕರೆತಂದವರಿದ್ದಾರೆ. ಅಂಥವರಿಗೆ ನಾನು ಮಂಗಳೂರಿನ ಈ ಕಥೆಯನ್ನು ಹೇಳುತ್ತೇನೆ. ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಏಕೆಂದರೆ ಬಾಗಿಲನ್ನು ಬಡಿದುಕೊಂಡು ಹೊರಟುಹೋಗುವುದು ಸುಲಭ, ನಿಂತು ವಿನಯದಿಂದ ಬೇಡಿಕೊಳ್ಳುವುದು ಕಷ್ಟ.

1684ರಲ್ಲಿ ಗೋವೆಯ ಆ ಮಹಾಧರ್ಮಾಧ್ಯಕ್ಷರೂ ಮಂಗಳೂರಿನ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು.

ಈ ಮೂರು ವರ್ಷಗಳಲ್ಲಿ ವಾಜರು ಜಗಳದ ನಡುವೆಯೇ ಕರಾವಳಿಯುದ್ದಕ್ಕೂ ಬರಿಗಾಲಿನಲ್ಲಿ ಸಂಚರಿಸಿದರು. ಬಸ್ರೂರು, ಕಲ್ಯಾಣಪುರ ಮುಂತಾದೆಡೆ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು, ಭಕ್ತಸಂಘಗಳನ್ನು ಕಟ್ಟಿದರು. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ, ಕೇಡು ಬಗೆದು ಕರೆದೊಯ್ದವರ ಕಣ್ಣೆದುರಿಗೇ ಅವರು ಊರಿದ ಕೋಲಿನಿಂದ ಮೂರು ಒರತೆಗಳು ಚಿಮ್ಮಿದವೆಂದು ಜನ ತಲೆತಲಾಂತರದಿಂದ ಹೇಳುತ್ತಾರೆ. ಇಂದು ಅಲ್ಲಿ ಅವರ ಪುಣ್ಯಕ್ಷೇತ್ರವಿದೆ. ಯಾತ್ರೆಗೆ ಹೋದವರು ಒರತೆಯ ನೀರನ್ನು ತರುತ್ತಾರೆ. ನನಗಾದರೋ ಒರತೆಗಿಂತ ಆ ಬಾಗಿಲಿಗೆ ಅಂಟಿಸದ ಪತ್ರವೇ ದೊಡ್ಡ ಪವಾಡವಾಗಿ ಕಾಣುತ್ತದೆ.

ಗೋವೆಗೆ ಮರಳಿದ ವಾಜರು 1685ರಲ್ಲಿ ಹಳೆಯ ಗೋವೆಯ ಪವಾಡಶಿಲುಬೆಯ ದೇವಾಲಯದಲ್ಲಿ ಒಟ್ಟಾಗಿ ಬಾಳುತ್ತಿದ್ದ ಗುರುಗಳ ಬಳಗವನ್ನು ಸೇರಿ, ಅದರ ಮುಖ್ಯಸ್ಥರಾದರು. ಕೊನೆಗೂ ಅಪ್ಪಣೆ ದೊರೆತಾಗ, 1686ರಲ್ಲಿ, ಯೋಹಾನ್ನನೆಂಬ ಸೇವಕನೊಂದಿಗೆ ದಕ್ಷಿಣಕ್ಕೆ ಹೊರಟರು. ದಾರಿಯಲ್ಲಿ ಕೆನರಾದ ತಮ್ಮ ಹಳೆಯ ಜನರನ್ನು ಕಂಡು, ತೂತುಕುಡಿಯಿಂದ ಕೂಲಿಯವನ ವೇಷದಲ್ಲಿ ದೋಣಿ ಹತ್ತಿ, 1687ರಲ್ಲಿ ಜಾಫ್ನಾ ಮುಟ್ಟಿದರು. ಬೇಡಿದ್ದು ಕೈಸೇರಿತು, ಆದರೆ ಹೇಗೆ? ಆಮಶಂಕೆಯಿಂದ ನರಳುತ್ತ, ಭಿಕ್ಷೆ ಬೇಡುತ್ತ, ಕತ್ತಲಲ್ಲಿ ಬಲಿಪೂಜೆ ಅರ್ಪಿಸುತ್ತ. 1692ರಲ್ಲಿ ಕ್ಯಾಂಡಿಯ ಅರಸನು ಪೋರ್ತುಗೀಸರ ಗೂಢಚಾರನೆಂದು ಅವರನ್ನು ಸೆರೆಯಲ್ಲಿಟ್ಟನು. ಸೆರೆಯಲ್ಲಿ ಅವರು ಸಿಂಹಳ ಭಾಷೆಯನ್ನು ಕಲಿತರು. 1697ರಲ್ಲಿ ಆ ನಗರಕ್ಕೆ ಸಿಡುಬು ಬಂದು, ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ಜಾತಿಮತ ನೋಡದೆ ಅವರನ್ನು ಎತ್ತಿ ಉಪಚರಿಸಿದರು, ಸತ್ತವರನ್ನು ಹೂಳಿದರು.

1705ರ ವೇಳೆಗೆ ರೋಮಿನ ರಾಯಭಾರಿಯು ಅವರನ್ನು ಲಂಕೆಯ ಧರ್ಮಾಧ್ಯಕ್ಷರನ್ನಾಗಿ ಮಾಡಲು ಬಯಸಿದರು. ಅದು ಆಜ್ಞೆಯಾಗಿರಲಿಲ್ಲ; ವಾಜರು ಕೈಮುಗಿದು ಬೇಡವೆಂದರು. ನಮ್ರತೆಯೇ ಕಾರಣವೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಲಂಕೆ ಆಗ ಪದ್ರುವಾದೊಗೆ ಸೇರಿದ ಕೊಚ್ಚಿಯ ಧರ್ಮಾಧ್ಯಕ್ಷರ ಕೈಕೆಳಗಿತ್ತು. ಕೆನರಾದ ಆ ಬಾಗಿಲುಗಳೂ ಅವರ ನೆನಪಿನಲ್ಲಿ ಇದ್ದಿರಬೇಕು ಎಂದು ನನ್ನ ಭಾವನೆ.

ತಾಯ್ನಾಡಿಗೆ ಅವರು ಮತ್ತೆ ಮರಳಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕಣ್ಣು ಮುಚ್ಚಿದರು. 1995ರ ಜನವರಿ 21ರಂದು ಜಗದ್ಗುರು ದ್ವಿತೀಯ ಜಾನ್ ಪೌಲರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿಯೇ ಘೋಷಿಸಿದರು. ಅವರನ್ನು ಹೂಳಿದ ದೇವಾಲಯ ಈಗಿಲ್ಲ. ಸಮಾಧಿಯ ಗುರುತೂ ಉಳಿದಿಲ್ಲ.