ರಾಣಿ ರಾಡೆಗುಂಡ್: ಒಂದು ಬದುಕು, ಎರಡು ಚರಿತೆಗಳು

ಆರನೆಯ ಶತಮಾನದ ಪಶ್ಚಿಮ ಯುರೋಪಿನ ಸ್ತ್ರೀಯರನ್ನು ಕುರಿತು ಇಂದು ನಮಗೆ ದೊರೆಯುವ ಆಕರಗಳು ಬಹುಪಾಲು ಪುರುಷರು, ಅದರಲ್ಲಿಯೂ ಧರ್ಮಾಧಿಕಾರಿಗಳು ಬರೆದವು. ಫ್ರಾಂಕ್ ರಾಣಿ ರಾಡೆಗುಂಡಳ ವಿಷಯದಲ್ಲಿ ಮಾತ್ರ ಸ್ಥಿತಿ ಭಿನ್ನವಾಗಿದೆ. ಆಕೆಯನ್ನು ಹತ್ತಿರದಿಂದ ಬಲ್ಲ ಇಬ್ಬರು ಲ್ಯಾಟಿನ್ನಿನಲ್ಲಿ ಆಕೆಯ ಚರಿತೆಯನ್ನು ಪ್ರತ್ಯೇಕವಾಗಿ ಬರೆದಿದ್ದಾರೆ. ಒಬ್ಬ ಕವಿ ವೆನಾಂಟಿಯಸ್ ಫೋರ್ಚುನಾಟಸ್. ಇನ್ನೊಬ್ಬಳು ಆಕೆಯ ಮಠದಲ್ಲಿಯೇ ಬೆಳೆದ ಸನ್ಯಾಸಿನಿ ಬೌಡೊನಿವಿಯಾ. ಈ ಎರಡು ಪಠ್ಯಗಳನ್ನು ಜೊತೆಯಲ್ಲಿಟ್ಟು ಓದಿದಾಗ ಕಾಣುವ ರಾಡೆಗುಂಡ್ ಒಬ್ಬಳೇ ಅಲ್ಲ.

ರಾಡೆಗುಂಡ್ ಜನಿಸಿದ್ದು ಸುಮಾರು ಕ್ರಿ.ಶ. 520ರಲ್ಲಿ, ಇಂದಿನ ಮಧ್ಯ ಜರ್ಮನಿಯ ತುರಿಂಗಿಯಾ ರಾಜಮನೆತನದಲ್ಲಿ. ತಂದೆ ಬೆರ್ತಾಕಾರನನ್ನು ಅವನ ಸೋದರ ಹೆರ್ಮನ್‌ಫ್ರಿಡ್ ಕೊಂದನು. ತಬ್ಬಲಿ ಮಗು ಆ ಕೊಲೆಗಾರನ ಮನೆಯಲ್ಲಿಯೇ ಬೆಳೆಯಬೇಕಾಯಿತು. 531ರಲ್ಲಿ ಫ್ರಾಂಕ್ ಅರಸರಾದ ಥ್ಯೂಡೆರಿಕ್ ಮತ್ತು ಕ್ಲೋಥಾರ್ ಸೋದರರು ತುರಿಂಗಿಯಾವನ್ನು ಗೆದ್ದು ಧ್ವಂಸಗೊಳಿಸಿದರು. ಸೆರೆಸಿಕ್ಕ ರಾಡೆಗುಂಡ್ ಕೊಳ್ಳೆಯ ಹಂಚಿಕೆಯಲ್ಲಿ ಕ್ಲೋಥಾರನ ಪಾಲಿಗೆ ಬಂದಳು. ಉತ್ತರ ಗಾಲಿನ ರಾಜಗೃಹವೊಂದರಲ್ಲಿ ಆಕೆಗೆ ಅಕ್ಷರವಿದ್ಯೆಯನ್ನು ಕಲಿಸಿ, ಸುಮಾರು 540ರಲ್ಲಿ ಸ್ವಾಸೋಂ ನಗರದಲ್ಲಿ ರಾಣಿಯನ್ನಾಗಿ ಮಾಡಿಕೊಳ್ಳಲಾಯಿತು. ಇತಿಹಾಸಕಾರ ತೂರಿನ ಬಿಷಪ್ ಗ್ರೆಗರಿ ಕ್ಲೋಥಾರನ ಹಲವು ಪತ್ನಿಯರನ್ನು ಹೆಸರಿಸುತ್ತಾನೆ. ಅವರಲ್ಲಿ ಇಬ್ಬರು ಒಡಹುಟ್ಟಿದವರು. ಇದನ್ನು ವಿವಾಹವೆನ್ನುವುದಕ್ಕಿಂತ ಯುದ್ಧಲಾಭದ ಮುಂದುವರಿಕೆ ಎನ್ನುವುದೇ ಹೆಚ್ಚು ಸಮಂಜಸ.

ಸುಮಾರು 550ರಲ್ಲಿ ಕ್ಲೋಥಾರ್ ರಾಡೆಗುಂಡಳ ಸೋದರನನ್ನು ಕೊಲ್ಲಿಸಿದನು. ತನ್ನೊಡನೆ ಸೆರೆಯಾಗಿ ಬಂದಿದ್ದ ಒಡಹುಟ್ಟಿದವನ ಕೊಲೆ ಆಕೆಯ ಸಹನೆಯ ಕೊನೆಯಾಯಿತು. ಅರಮನೆಯನ್ನು ತೊರೆದು ನೊವಾಯೋಂ ನಗರಕ್ಕೆ ಬಂದು, ಬಿಷಪ್ ಮೆಡಾರ್ಡನಲ್ಲಿ ದೀಕ್ಷೆ ಬೇಡಿದಳು. ಅರಸನ ಧರ್ಮಪತ್ನಿಗೆ ದೀಕ್ಷೆ ನೀಡಲು ಬಿಷಪ್ ಹಿಂಜರಿದನು. ಸೇರಿದ್ದ ಸಾಮಂತರು ಅವನನ್ನು ಬಲಿಪೀಠದ ಬಳಿಯಿಂದ ಎಳೆದಾಡಿದರು. ಆಗ ರಾಡೆಗುಂಡ್ ತಾನೇ ಒಳಗೆ ಹೋಗಿ ಸನ್ಯಾಸಿನಿಯ ಉಡುಪನ್ನು ಧರಿಸಿ ಬಂದು, ಮನುಷ್ಯನಿಗೆ ಹೆದರಿ ದೇವರ ಕೆಲಸವನ್ನು ತಡೆಯಬಾರದೆಂದು ಅವನನ್ನು ಎಚ್ಚರಿಸಿದಳು. ಮೆಡಾರ್ಡ್ ಆಕೆಯನ್ನು ಧರ್ಮಸೇವಿಕೆಯಾಗಿ ಪ್ರತಿಷ್ಠಾಪಿಸಿದನು. ಸ್ತ್ರೀಯರಿಗೆ ಈ ಪದವಿಯನ್ನು ಕೊಡಕೂಡದೆಂದು 533ರ ಓರ್ಲಿಯಾನ್ ಧರ್ಮಸಭೆ ವಿಧಿಸಿತ್ತೆಂಬುದನ್ನು ನೆನೆದರೆ ಈ ಘಟನೆಯ ತೂಕ ತಿಳಿದೀತು.

ಮುಂದೆ ಆಕೆ ಪ್ವಾತಿಯೆ ನಗರದಲ್ಲಿ ಸ್ತ್ರೀಯರಿಗಾಗಿ ಮಠವೊಂದನ್ನು ಕಟ್ಟಿದಳು. ತಾನು ಅದರ ಒಡತಿಯಾಗದೆ, ತಾನೇ ಸಾಕಿದ ಆಗ್ನೆಸಳನ್ನು ಮಠಾಧ್ಯಕ್ಷೆಯನ್ನಾಗಿ ಮಾಡಿದಳು. ಆರ್ಲಿನ ಬಿಷಪ್ ಸೀಸೇರಿಯಸ್ ರಚಿಸಿದ್ದ ನಿಯಮಾವಳಿ ಅಲ್ಲಿ ಜಾರಿಗೆ ಬಂದಿತು. ಅದರಂತೆ ಒಳಹೊಕ್ಕವಳು ಸಾಯುವವರೆಗೆ ಮಠದ ಗೋಡೆಯನ್ನು ದಾಟುವಂತಿರಲಿಲ್ಲ; ಎಲ್ಲರೂ ಓದನ್ನು ಕಲಿಯಲೇಬೇಕಿತ್ತು. ರಾಡೆಗುಂಡಳ ಮರಣಕಾಲಕ್ಕೆ ಅಲ್ಲಿ ಸುಮಾರು 200 ಮಂದಿ ಸನ್ಯಾಸಿನಿಯರಿದ್ದರು.

ಇಟಲಿಯಿಂದ ಬಂದ ಫೋರ್ಚುನಾಟಸ್ ಈ ಮಠದ ಆಪ್ತನಾದನು. ಹಣ್ಣು, ಮೊಟ್ಟೆ, ಹಾಲಿನ ಕಾಣಿಕೆಗಳಿಗೆ ಕೃತಜ್ಞತೆ ಸೂಚಿಸಿ ಅವನು ಬರೆದ ಕಿರುಪದ್ಯಗಳು ಇಂದಿಗೂ ಓದಲು ಹಿತವಾಗಿವೆ. ಆದರೆ ಅವನ ಗದ್ಯಚರಿತೆಯಲ್ಲಿ ಈ ನಗು ಇಲ್ಲ. ಅಲ್ಲಿನ ರಾಡೆಗುಂಡ್ ಉಪವಾಸದಲ್ಲಿ ಸೊರಗುವ, ಕುಷ್ಠರೋಗಿಗಳನ್ನು ಅಪ್ಪುವ, ಸಂಕೋಲೆ ಬಿಗಿದುಕೊಂಡು ಕಾದ ಲೋಹದಿಂದ ಮೈಯನ್ನು ಸುಟ್ಟುಕೊಳ್ಳುವ ತಪಸ್ವಿನಿ. 569ರಲ್ಲಿ ಆಕೆ ಬೈಜಾಂಟಿಯಮ್ಮಿನ ಚಕ್ರವರ್ತಿ ಎರಡನೆಯ ಜಸ್ಟಿನನಿಂದ ಯೇಸುವಿನ ಶಿಲುಬೆಯ ತುಣುಕನ್ನು ತರಿಸಿದ ಸಂಗತಿಯನ್ನು ಈ ಚರಿತೆ ಎತ್ತುವುದೇ ಇಲ್ಲ. ಆ ಸಂದರ್ಭಕ್ಕೆಂದೇ ಪ್ರಸಿದ್ಧ ಸ್ತೋತ್ರಗಳನ್ನು ರಚಿಸಿದವನು ಇದೇ ಕವಿ! ಆದ್ದರಿಂದ ಇದನ್ನು ಮರೆವೆನ್ನಲಾಗದು. ಪವಿತ್ರ ಸ್ತ್ರೀಯೆಂದರೆ ನೋಯುವ ದೇಹವೆಂಬ ಮಾದರಿಗೆ ರಾಜಕಾರಣ ಬಲ್ಲ ರಾಣಿ ಹೊಂದುವುದಿಲ್ಲ.

ಬೌಡೊನಿವಿಯಾ ಏಳನೆಯ ಶತಮಾನದ ಆರಂಭದಲ್ಲಿ ಬರೆಯುವಾಗ ಕವಿ ಹೇಳಿದ್ದನ್ನು ಪುನರುಕ್ತಿಸದೆ, ಬಿಟ್ಟುದನ್ನು ಸೇರಿಸುವುದಾಗಿ ವಿನಯದಿಂದ ತಿಳಿಸುತ್ತಾಳೆ. ಆ ವಿನಯದ ಮರೆಯಲ್ಲಿ ಬೇರೆಯೇ ವ್ಯಕ್ತಿ ಮೂಡಿಬರುತ್ತಾಳೆ. ಈ ರಾಡೆಗುಂಡ್ ಪತ್ನಿಯನ್ನು ಮರಳಿ ಪಡೆಯಲೆತ್ನಿಸಿದ ಕ್ಲೋಥಾರನನ್ನು ಪ್ಯಾರಿಸ್ಸಿನ ಬಿಷಪ್ ಜರ್ಮೇನಸನ ಮೂಲಕ ತಡೆಯುತ್ತಾಳೆ. ಅರಸರು ಕಾದಾಡಿದಾಗ ಶಾಂತಿಗಾಗಿ ಓಲೆ ಕಳುಹಿಸುತ್ತಾಳೆ. ಶಿಲುಬೆಯ ತುಣುಕನ್ನು ಸ್ಥಾಪಿಸಲು ಸ್ಥಳೀಯ ಬಿಷಪ್ ಮರೋವಿಯಸ್ ಒಪ್ಪದಿದ್ದಾಗ, ಅರಸ ಸಿಗಿಬರ್ಟನ ಆಜ್ಞೆಯಿಂದ ತೂರಿನ ಬಿಷಪ್ಪನೇ ಬಂದು ಆ ಕಾರ್ಯವನ್ನು ನೆರವೇರಿಸುವಂತಾಯಿತು.

ಆಕೆಯ ಸ್ವಂತ ದನಿ ಯಾವುದು? ತುರಿಂಗಿಯಾದ ಪತನವನ್ನು ಕುರಿತ ಲ್ಯಾಟಿನ್ ಶೋಕಗೀತೆ ಆಕೆಯ ಬಾಯಲ್ಲಿ, ಕಾನ್‌ಸ್ಟಾಂಟಿನೋಪಲಿನಲ್ಲಿದ್ದ ದಾಯಾದಿ ಅಮಲಫ್ರಿಡನಿಗೆ ಬರೆದ ಓಲೆಯಾಗಿ ಉಳಿದಿದೆ. ಫೋರ್ಚುನಾಟಸನ ಕೃತಿಗಳೊಡನೆ ಬಂದಿರುವ ಅದರ ಕರ್ತೃತ್ವ ವಿದ್ವಾಂಸರಲ್ಲಿ ವಿವಾದಾಸ್ಪದ. ಸುಟ್ಟ ಅರಮನೆಯ, ಎಳೆದೊಯ್ಯಲ್ಪಟ್ಟ ಹೆಂಗಸರ ಆ ನೆನಪು ರಾಡೆಗುಂಡಳದೆಂಬುದರಲ್ಲಿ ನನಗೆ ಸಂಶಯವಿಲ್ಲ, ಛಂದಸ್ಸು ಯಾರದಾದರೂ ಆಗಿರಲಿ.

587ರ ಆಗಸ್ಟ್ 13ರಂದು ರಾಡೆಗುಂಡ್ ತೀರಿಕೊಂಡಳು. ಎರಡೇ ವರ್ಷಗಳಲ್ಲಿ ರಾಜಪುತ್ರಿಯರಾದ ಕ್ಲೋಟಿಲ್ಡ್ ಮತ್ತು ಬಸಿನಾ ನೇತೃತ್ವದಲ್ಲಿ ಸುಮಾರು 40 ಸನ್ಯಾಸಿನಿಯರು ದಂಗೆಯೆದ್ದು ಮಠದಿಂದ ಹೊರನಡೆದರು. ಗ್ರೆಗರಿ ಇದನ್ನು ವಿಸ್ತಾರವಾಗಿ ದಾಖಲಿಸಿದ್ದಾನೆ. ಬೌಡೊನಿವಿಯಾಳಲ್ಲಿ ಇದರ ಸುಳಿವೂ ಇಲ್ಲ. ಆಕೆ ನೆನೆಯುವುದು ಅಂತ್ಯಯಾತ್ರೆಯನ್ನು. ಮರೋವಿಯಸ್ ಊರಲ್ಲಿಲ್ಲದ ಕಾರಣ ಗ್ರೆಗರಿಯೇ ಬಂದು ಉತ್ತರಕ್ರಿಯೆ ನಡೆಸಿದನು. ಶವವನ್ನು ಗೋಡೆಯ ಹೊರಗೆ ಒಯ್ಯುವಾಗ ನಿಯಮದಂತೆ ಒಬ್ಬ ಸನ್ಯಾಸಿನಿಯೂ ಹಿಂದೆ ಹೋಗುವಂತಿರಲಿಲ್ಲ. ಎಲ್ಲರೂ ಗೋಡೆಯ ಮೇಲೆ ನೆರೆದು ಗೋಳಿಟ್ಟರು. ಅವರ ಅಳುವಿನಲ್ಲಿ ಕೆಳಗಿನ ಕೀರ್ತನೆಯ ಹಾಡು ಕೇಳಿಸದಾಯಿತು. ಕೆಳಗೆ ನಿಂತು ಗ್ರೆಗರಿ ಕಂಡದ್ದನ್ನು ಬೌಡೊನಿವಿಯಾ ಗೋಡೆಯ ಮೇಲಿನವರ ಕಡೆಯಿಂದ ಬರೆದಿದ್ದಾಳೆ.