ಬೆಂಜಮಿನ್ ರಾಬಿನ್ಸ್: ಗುಂಡಿನ ವೇಗ ಅಳೆದ ಇಂಜಿನಿಯರ್

ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ನಾವೆಲ್ಲರೂ ಬಿಡಿಸಿರುವ ಒಂದು ಲೆಕ್ಕ ನೆನಪಿದೆಯಾ? ಮರದ ದಿಮ್ಮಿಯೊಂದು ನೇತಾಡ್ತಿರುತ್ತೆ. ಗುಂಡು ಬಂದು ಅದರೊಳಗೆ ಹೊಕ್ಕು ಕೂರುತ್ತೆ. ದಿಮ್ಮಿ ಇಷ್ಟು ಸೆಂಟಿಮೀಟರ್ ಮೇಲೇಳುತ್ತೆ. ಹಾಗಾದರೆ ಗುಂಡಿನ ವೇಗ ಎಷ್ಟು? ಐದು ಮಾರ್ಕಿನ ಈ ಪ್ರಶ್ನೆಯನ್ನು ಬಿಡಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು ಮುಂದಕ್ಕೆ ಹೋದವರು ನಾವು. ಇದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಆತ ತೀರಿಕೊಂಡಿದ್ದು ಬೆಂಗಳೂರಿಂದ ಒಂದು ರಾತ್ರಿ ಬಸ್ಸಿನಷ್ಟು ದೂರದ ಕಡಲೂರಿನಲ್ಲಿ ಅನ್ನೋದು ನಮಗೂ ಮೊನ್ನೆ ಮೊನ್ನೆವರೆಗೆ ಗೊತ್ತಿರಲಿಲ್ಲ.

ಆತನ ಹೆಸರು ಸಿಕ್ಕಿದ್ದು ಹಾಸ್ಟೆಲ್ ರೂಮಿನ ಒಂದು ವಾದದಲ್ಲಿ. ಅಮೆರಿಕದಲ್ಲಿ ಜಿಂಕೆ, ಕಾಡುಹಂದಿ ಬೇಟೆಗೆ ಬಳಸುವ ದೊಡ್ಡ ಬೋರಿನ ಏರ್ ರೈಫಲ್ ಬಗ್ಗೆ ವಿಡಿಯೋ ನೋಡ್ತಾ ಇದ್ವಿ. ಮೇಜಿನ ಮೇಲೆ ಐದಾರು ಡಬ್ಬಿ ಸ್ಲಗ್. ಸ್ಲಗ್ ಅಂದ್ರೆ ತೋಟದ ಹುಳುವೂ ಅಲ್ಲ, ಎಫ್‌ಪಿಎಸ್ ಪದ್ಧತಿಯ ಮಾಸ್ ಯೂನಿಟ್ಟೂ ಅಲ್ಲ. ಗಟ್ಟಿ ಸೀಸದ, ಉದ್ದನೆಯ ಗುಂಡು. ಎಲ್ಲವೂ ಒಂದೇ ಬೋರಿನವು. ತೂಕ ಬೇರೆ, ಉದ್ದ ಬೇರೆ, ಮೂತಿ ಬೇರೆ. ಅತಿ ಭಾರದ್ದು ಹಾಕಿದರೆ ಮುಗೀತಲ್ಲ ಅಂತ ಒಬ್ಬ, ಅತಿ ವೇಗದ್ದು ಅಂತ ಇನ್ನೊಬ್ಬ. ರಾತ್ರಿ ಎರಡು ಗಂಟೆಯಾದರೂ ಜಗಳ ಮುಗಿಯಲಿಲ್ಲ. ಉತ್ತರ ಹುಡುಕ್ತಾ ಹೋದರೆ ದಾರಿ ನಿಂತಿದ್ದು ಸುಮಾರು 280 ವರ್ಷ ಹಿಂದಿನ ಲಂಡನ್ನಿನಲ್ಲಿ, ಬೆಂಜಮಿನ್ ರಾಬಿನ್ಸ್ ಮುಂದೆ.

ಕೆಲಸ ಸಿಗದವನ ಪುಸ್ತಕ

ರಾಬಿನ್ಸ್ ಹುಟ್ಟಿದ್ದು 1707ರಲ್ಲಿ, ಇಂಗ್ಲೆಂಡಿನ ಬಾತ್ ಊರಿನಲ್ಲಿ. ಬಡ ಕ್ವೇಕರ್ ಕುಟುಂಬ. ಕ್ವೇಕರರೆಂದರೆ ಯುದ್ಧವೂ ಬೇಡ, ಆಯುಧವೂ ಬೇಡ ಅನ್ನುವ ಕ್ರೈಸ್ತ ಪಂಥದವರು. ಅಂಥ ಮನೆಯ ಹುಡುಗ ಮುಂದೆ ಬಂದೂಕಿನ ವಿಜ್ಞಾನಕ್ಕೆ ತಳಪಾಯ ಹಾಕಿದ ಅನ್ನೋದು ವಿಚಿತ್ರ. ಯೂನಿವರ್ಸಿಟಿ ಮೆಟ್ಟಿಲು ಹತ್ತಿದವನಲ್ಲ. ಗಣಿತದಲ್ಲಿ ಚುರುಕು ನೋಡಿ ಊರಿನವರು ಲಂಡನ್ನಿಗೆ ದಾರಿ ತೋರಿಸಿದರು. ಅಲ್ಲಿ ಹೆನ್ರಿ ಪೆಂಬರ್ಟನ್ ಪರಿಚಯವಾಯಿತು. ನ್ಯೂಟನ್‌ನ ಪ್ರಿನ್ಸಿಪಿಯಾದ ಮೂರನೇ ಆವೃತ್ತಿಯನ್ನು ತಿದ್ದಿ ಅಚ್ಚು ಹಾಕಿಸಿದವನು ಈತನೇ. 1727ರಲ್ಲಿ, ಇಪ್ಪತ್ತರ ಹರೆಯದಲ್ಲಿ, ರಾಬಿನ್ಸ್ ರಾಯಲ್ ಸೊಸೈಟಿಯ ಫೆಲೋ ಆದ. ನಾವು ಆ ವಯಸ್ಸಲ್ಲಿ ಬ್ಯಾಕ್‌ಲಾಗ್ ಎಣಿಸ್ತಾ ಇರ್ತೀವಿ.

ಹೊಟ್ಟೆಪಾಡಿಗೆ ಗಣಿತದ ಟ್ಯೂಷನ್ ಹೇಳಿದ. ಆಮೇಲೆ ಪಾಠ ಬಿಟ್ಟು ಸೇತುವೆ, ಗಿರಣಿ, ಬಂದರು ಅಂತ ಇಂಜಿನಿಯರಿಂಗ್ ಕಡೆ ತಿರುಗಿದ. ಕೋಟೆ ಕಟ್ಟೋ ವಿದ್ಯೆ ಕಲಿಯಲು ಫ್ಲಾಂಡರ್ಸ್‌ಗೂ ಹೋಗಿಬಂದ. 1741ರಲ್ಲಿ ವೂಲಿಚ್‌ನಲ್ಲಿ ಹೊಸ ಮಿಲಿಟರಿ ಅಕಾಡೆಮಿ ಶುರುವಾದಾಗ ಅಲ್ಲಿ ಕೋಟೆಶಾಸ್ತ್ರದ ಪ್ರೊಫೆಸರ್ ಆಗೋ ಆಸೆ ಇಟ್ಟುಕೊಂಡಿದ್ದ. ಕೆಲಸ ಬೇರೊಬ್ಬರ ಪಾಲಾಯಿತು. ಪಾಠ ಮಾಡಲು ಸಿದ್ಧ ಮಾಡಿಕೊಂಡಿದ್ದ ವಿಷಯವನ್ನೇ ರಾಬಿನ್ಸ್ ಪುಸ್ತಕವಾಗಿಸಿ 1742ರಲ್ಲಿ ಹೊರತಂದ. ಅದೇ ನ್ಯೂ ಪ್ರಿನ್ಸಿಪಲ್ಸ್ ಆಫ್ ಗನರಿ. ಮೂರೇ ವರ್ಷಕ್ಕೆ ಮಹಾ ಗಣಿತಜ್ಞ ಆಯ್ಲರ್ ಅದನ್ನು ಜರ್ಮನ್‌ಗೆ ಅನುವಾದಿಸಿ, ಮೂಲಕ್ಕಿಂತ ಎಷ್ಟೋ ದೊಡ್ಡ ಟಿಪ್ಪಣಿ ಸೇರಿಸಿ ಪ್ರಕಟಿಸಿದ.

ಅಳೆದು ನೋಡಿದಾಗ

ಅಲ್ಲಿಯವರೆಗೆ ಗುಂಡು ಹಾರೋದನ್ನು ಗೆಲಿಲಿಯೋನ ಪ್ಯಾರಾಬೋಲಾದಿಂದ ಲೆಕ್ಕ ಹಾಕ್ತಿದ್ದರು. ಗಾಳಿ ತೆಳ್ಳಗಿದೆ, ಸೀಸ ಭಾರ ಇದೆ, ಗಾಳಿಯ ತಡೆ ಏನು ಮಹಾ ಅನ್ನೋದು ಬಹಳ ಜನರ ನಂಬಿಕೆ. ಅದು ನಿಜವಾ ಅಂತ ನೋಡಬೇಕಾದರೆ ಗುಂಡಿನ ವೇಗ ಗೊತ್ತಿರಬೇಕು. ಸೆಕೆಂಡಿನ ನೂರನೇ ಭಾಗ ಅಳೆಯೋ ಗಡಿಯಾರವೇ ಇಲ್ಲದ ಕಾಲ ಅದು.

ರಾಬಿನ್ಸ್ ಸಮಯವನ್ನು ಅಳೆಯೋ ಗೋಜಿಗೇ ಹೋಗಲಿಲ್ಲ. ಮೂರು ಕಾಲಿನ ಚೌಕಟ್ಟಿಗೆ ಕಬ್ಬಿಣದ ಲೋಲಕ ತೂಗುಹಾಕಿ, ಅದರ ಮುಖಕ್ಕೆ ದಪ್ಪ ಮರದ ಹಲಗೆ ಬಿಗಿದ. ಗುಂಡು ಬಡಿದಾಗ ಲೋಲಕ ಎಷ್ಟು ಹಿಂದೆ ಸರಿಯಿತು ಅನ್ನೋದನ್ನು ಕೆಳಗೆ ಕಟ್ಟಿದ ರಿಬ್ಬನ್ ಎಳೆದುಕೊಂಡು ಬಂದು ತೋರಿಸ್ತಿತ್ತು. ಉಳಿದದ್ದು ಮೊಮೆಂಟಮ್ ಲೆಕ್ಕ. ಮುಕ್ಕಾಲು ಇಂಚು ಅಗಲದ, ಸುಮಾರು 38 ಗ್ರಾಂ ತೂಕದ ಸೀಸದ ಗುಂಡಿಗೆ ಸಿಕ್ಕ ವೇಗ ಸೆಕೆಂಡಿಗೆ ಸುಮಾರು 1,670 ಅಡಿ, ಅಂದರೆ 500 ಮೀಟರಿಗೂ ಸ್ವಲ್ಪ ಹೆಚ್ಚು.

ಈಗ ಆ ವೇಗವನ್ನು 45 ಡಿಗ್ರಿ ಸೂತ್ರಕ್ಕೆ ಹಾಕಿ ನೋಡಿ. ಗಾಳಿ ಇಲ್ಲದಿದ್ದರೆ ಗುಂಡು 26 ಕಿಲೋಮೀಟರ್ ದೂರ ಬೀಳಬೇಕು. ನಿಜಕ್ಕೂ ಅದು ಬೀಳ್ತಿದ್ದದ್ದು ಅರ್ಧ ಮೈಲಿಯ ಆಸುಪಾಸಿನಲ್ಲಿ, ಒಂದು ಕಿಲೋಮೀಟರೂ ಇಲ್ಲ! ಲೋಲಕವನ್ನು ಹತ್ತಿರ, ದೂರ ಇಟ್ಟು ಹೊಡೆದು ವೇಗ ಎಷ್ಟು ಕಳೆದುಹೋಗುತ್ತೆ ಅಂತ ನೋಡಿದಾಗ ಗಾಳಿಯ ತಡೆ ಗುಂಡಿನ ತೂಕದ ನೂರು ಪಟ್ಟಿಗೂ ಹೆಚ್ಚು ಅಂತ ಸಿಕ್ಕಿತು. ಶಬ್ದದ ವೇಗದ ಹತ್ತಿರ ಈ ತಡೆ ಇದ್ದಕ್ಕಿದ್ದಂತೆ ಏರುತ್ತೆ ಅನ್ನೋದನ್ನೂ ಗುರುತಿಸಿದ. ಸೂಪರ್‌ಸಾನಿಕ್ ಅನ್ನೋ ಪದವೇ ಹುಟ್ಟಿರದ ಕಾಲದಲ್ಲಿ!

ಬಗ್ಗಿಸಿದ ನಳಿಗೆ

ಆಗಿನ ಕೋವಿಯ ಗುಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗ್ತಿತ್ತು. ರಾಬಿನ್ಸ್ ಹೇಳಿದ ಕಾರಣ ಸ್ಪಿನ್. ದುಂಡನೆ ಗುಂಡು ನಳಿಗೆಯ ಯಾವುದೋ ಒಂದು ಬದಿಗೆ ಉಜ್ಜಿಕೊಂಡು ಹೊರಬೀಳುತ್ತೆ, ಅದರಿಂದ ಮನಸ್ಸಿಗೆ ಬಂದಂತೆ ತಿರುಗುತ್ತೆ, ತಿರುಗೋ ಗುಂಡನ್ನು ಗಾಳಿ ಪಕ್ಕಕ್ಕೆ ತಳ್ಳುತ್ತೆ. ಸ್ಪಿನ್ನರ್ ಎಸೆದ ಬಾಲ್ ಗಾಳಿಯಲ್ಲೇ ಡ್ರಿಫ್ಟ್ ಆಗುತ್ತಲ್ಲ, ಅದೇ ಕಥೆ.

ಜನ ನಂಬಬೇಕಲ್ಲ? ಒಂದು ಕೋವಿಯ ನಳಿಗೆಯ ತುದಿಯನ್ನು ಮೂರ್ನಾಲ್ಕು ಡಿಗ್ರಿ ಎಡಕ್ಕೆ ಬಗ್ಗಿಸಿದ. ದಾರಿಯಲ್ಲಿ ತೆಳು ಕಾಗದದ ಪರದೆಗಳನ್ನು ನಿಲ್ಲಿಸಿ ಹೊಡೆದ. ಎಡಕ್ಕೆ ಬಗ್ಗಿದ ನಳಿಗೆಯಿಂದ ಗುಂಡು ಮೊದಲು ಎಡಕ್ಕೇ ಹೋಯಿತು. ಆದರೆ ಮುಂದೆ ಮುಂದೆ ತಿರುಗಿಕೊಂಡು ಬಲಕ್ಕೆ ದಾಟಿತು. ಕಾಗದದ ತೂತುಗಳೇ ಸಾಕ್ಷಿ. ಬಗ್ಗಿದ ಜಾಗದಲ್ಲಿ ಗುಂಡು ಬಲಗೋಡೆಗೆ ಉರುಳಿ ಸ್ಪಿನ್ ಪಡೆದಿತ್ತು. ಇಷ್ಟಾದರೂ ಆಯ್ಲರ್ ಒಪ್ಪಲಿಲ್ಲ. ಗುಂಡಿನ ಆಕಾರ ಸರಿಯಿಲ್ಲದ್ದೇ ಕಾರಣ ಅಂದುಕೊಂಡ. ನೂರು ವರ್ಷದ ಮೇಲೆ ಜರ್ಮನಿಯ ಮ್ಯಾಗ್ನಸ್ ಇದನ್ನು ಮತ್ತೆ ಪರೀಕ್ಷಿಸಿದ, ಹೆಸರು ಅವನದೇ ಉಳಿಯಿತು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಇವತ್ತಿಗೂ ನಾವು ಮ್ಯಾಗ್ನಸ್ ಎಫೆಕ್ಟ್ ಅಂತಲೇ ಬರೀತೀವಿ.

ಹಾಗಾದರೆ ಪರಿಹಾರ? ಸ್ಪಿನ್ ಇಲ್ಲವಾಗಿಸೋಕೆ ಆಗಲ್ಲ, ಅದನ್ನು ನಮ್ಮ ಹಿಡಿತಕ್ಕೆ ತಗೋಬಹುದು. ನಳಿಗೆಯೊಳಗೆ ಸುರುಳಿ ಗೀರು, ಅಂದರೆ ರೈಫ್ಲಿಂಗ್ ಇದ್ದರೆ ಗುಂಡು ಹೋಗೋ ದಾರಿಯನ್ನೇ ಅಕ್ಷ ಮಾಡಿಕೊಂಡು ತಿರುಗುತ್ತೆ, ಪಕ್ಕಕ್ಕೆ ಎಳೆಯೋ ಬಲ ಇರಲ್ಲ. ರೈಫಲ್‌ಗಳು ಬೇಟೆಗಾರರ ಕೈಯಲ್ಲಿ ಮೊದಲೇ ಇದ್ದವು. ಅವು ಯಾಕೆ ನೇರ ಹೊಡೆಯುತ್ತವೆ ಅಂತ ಬಿಡಿಸಿ ಹೇಳಿದ್ದು ರಾಬಿನ್ಸ್. ಗುಂಡು ದುಂಡಗೆ ಇರೋದಕ್ಕಿಂತ ಮೊಟ್ಟೆಯಾಕಾರದಲ್ಲಿ, ಭಾರ ಮುಂದೆ ಇರುವ ಹಾಗೆ ಇದ್ದರೆ ಒಳ್ಳೇದು ಅಂತಲೂ ಸೂಚಿಸಿದ. ಈ ಕೆಲಸಕ್ಕೆ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಬಂತು.

ಈಗ ಆ ಡಬ್ಬಿಗಳ ಕಡೆ

ನಮ್ಮ ಹಾಸ್ಟೆಲ್ ಜಗಳಕ್ಕೆ ವಾಪಸ್ ಬರೋಣ. ರಾಬಿನ್ಸ್ ಮದ್ದಿನ ಸ್ಫೋಟವನ್ನು ನೋಡಿದ್ದೇ ಒತ್ತಿಟ್ಟ ಗಾಳಿ ಹಿಗ್ಗೋ ಹಾಗೆ. ಒತ್ತಡ ವಾತಾವರಣದ ಸಾವಿರ ಪಟ್ಟು ಅಂತ ಲೆಕ್ಕ ಕಟ್ಟಿ, ಗುಂಡು ನಳಿಗೆಯಲ್ಲಿ ಸಾಗಿದಂತೆ ಅದು ಬಾಯ್ಲ್ ನಿಯಮದ ಪ್ರಕಾರ ಇಳಿಯುತ್ತೆ ಅಂತ ತಗೊಂಡು ವೇಗ ಕಂಡುಹಿಡಿದ. ಅಂದರೆ ಆತನ ಲೆಕ್ಕ ಏರ್ ರೈಫಲ್‌ಗೆ ಹೇಳಿ ಮಾಡಿಸಿದಂತಿದೆ. ವ್ಯತ್ಯಾಸ ಇಷ್ಟೇ: ಏರ್ ರೈಫಲ್ ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ ಇರೋದು 200ರಿಂದ 300 ಬಾರ್. ಮದ್ದಿನ ಹಾಗೆ ಇನ್ನೊಂದು ಚಮಚ ಜಾಸ್ತಿ ಹಾಕೋಣ ಅನ್ನೋಕಾಗಲ್ಲ. ಶಕ್ತಿಗೆ ಮಿತಿ ಇದೆ, ಆ ಮಿತಿಯೊಳಗೇ ಸ್ಲಗ್ ಆರಿಸಬೇಕು.

ಮೊದಲನೇದು ತೂಕ. ಒಂದು ರೈಫಲ್ 13 ಗ್ರಾಂ ಸ್ಲಗ್ಗನ್ನು ಸೆಕೆಂಡಿಗೆ 275 ಮೀಟರ್ ವೇಗದಲ್ಲಿ ಕಳಿಸುತ್ತೆ ಅಂದುಕೊಳ್ಳಿ. ಶಕ್ತಿ ಸುಮಾರು 490 ಜೌಲ್. ಅದೇ ಶಕ್ತಿಯಲ್ಲಿ 26 ಗ್ರಾಂ ಸ್ಲಗ್ ಹಾಕಿದರೆ ವೇಗ 194 ಮೀಟರಿಗೆ ಇಳಿಯುತ್ತೆ. ಭಾರದ ಸ್ಲಗ್ ನಳಿಗೆಯಲ್ಲಿ ನಿಧಾನ ಸಾಗೋದರಿಂದ ಗಾಳಿಗೆ ತಳ್ಳಲು ಹೆಚ್ಚು ಹೊತ್ತು ಸಿಕ್ಕಿ ಶಕ್ತಿ ಸ್ವಲ್ಪ ಏರೋದುಂಟು, ಆದರೂ ನಿಧಾನದ ಗುಂಡು ದೂರದಲ್ಲಿ ಬಹಳ ಕೆಳಕ್ಕೆ ಇಳಿಯುತ್ತೆ. ತೀರಾ ಹಗುರ ಮಾಡಿ ಶಬ್ದದ ವೇಗದ ಹತ್ತಿರ ಓಡಿಸಿದರೆ ರಾಬಿನ್ಸ್ ಕಂಡ ಆ ತಡೆಯ ಗೋಡೆ. ಅದಕ್ಕೇ ಬಹಳ ಜನ ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗೇ ನಿಲ್ತಾರೆ.

ಎರಡನೇದು ಅಳತೆ. ಗುಂಡು ಮತ್ತು ನಳಿಗೆ ನಡುವಿನ ಸಂದಿಯಿಂದ ಬಲ ಸೋರಿಹೋಗುತ್ತೆ. ಫಿರಂಗಿಗಳಲ್ಲಿ ಈ ಸಂದಿ ಕಡಿಮೆ ಮಾಡಿ ಅಂತ ರಾಬಿನ್ಸ್ ನೌಕಾಪಡೆಗೇ ಸಲಹೆ ಕೊಟ್ಟಿದ್ದ. ಏರ್ ರೈಫಲ್‌ನಲ್ಲಿ ಇದು ಇನ್ನೂ ಮುಖ್ಯ. ಡಬ್ಬಿ ಮೇಲಿನ ಬೋರ್ ನಂಬರ್ ಸಾಲದು. ಮೆತ್ತನೆ ಸೀಸದ ತುಂಡೊಂದನ್ನು ಖಾಲಿ ನಳಿಗೆಯಲ್ಲಿ ತಳ್ಳಿ ಹೊರತೆಗೆದು, ಗೀರಿನ ತಳದ ವ್ಯಾಸವನ್ನು ಮೈಕ್ರೋಮೀಟರಿನಲ್ಲಿ ಅಳೆದು, ಅದಕ್ಕೆ ಒಪ್ಪೋ ಸ್ಲಗ್ ತಗೋತಾರೆ. ಸಡಿಲಾದರೆ ಗಾಳಿ ಸೋರುತ್ತೆ, ಬಿಗಿಯಾದರೆ ಉಜ್ಜಿ ವೇಗ ಸಾಯುತ್ತೆ.

ಮೂರನೇದು ಉದ್ದ ಮತ್ತು ತಿರುಚು. ಸಣ್ಣ ಏರ್ ಗನ್ನಿನ ಪೆಲೆಟ್‌ಗೆ ಸೊಂಟ ಸಣ್ಣ, ಹಿಂದೆ ಲಂಗದಂಥ ಟೊಳ್ಳು ಅಂಚು. ಶಟಲ್ ಕಾಕ್ ಹಾಗೆ ಗಾಳಿಯೇ ಅದನ್ನು ಬಹುಮಟ್ಟಿಗೆ ನೇರ ಇಡುತ್ತೆ. ಸ್ಲಗ್‌ಗೆ ಆ ಸೌಕರ್ಯ ಇಲ್ಲ, ಅದು ಸ್ಪಿನ್ ನಂಬಿಯೇ ಬದುಕಬೇಕು. ಉದ್ದ ಹೆಚ್ಚಾದಷ್ಟೂ ರೈಫ್ಲಿಂಗ್ ಬೇಗ ಬೇಗ ಸುತ್ತಬೇಕು. ನಳಿಗೆಯ ತಿರುಚು ನಿಧಾನ, ಸ್ಲಗ್ ಉದ್ದ ಅಂದ್ರೆ ಗುಂಡು ಅಡ್ಡಡ್ಡ ಹೊರಳಿ ಹಾರುತ್ತೆ. ತಳ ಟೊಳ್ಳಾದ ಸ್ಲಗ್‌ನಲ್ಲಿ ಭಾರ ಮುಂದಕ್ಕೆ ಬರುತ್ತೆ. ಆ ಮೊಟ್ಟೆಯ ಮಾತು ಇಲ್ಲಿ ಕೇಳಿಸುತ್ತೆ. ಕೊನೆಗೆ, ಎರಡು ಮೂರು ಬಗೆ ತಂದು ಒಂದೇ ದೂರದಿಂದ ಕಾಗದಕ್ಕೆ ಹೊಡೆದು, ಯಾವುದರ ತೂತುಗಳು ಒಟ್ಟಿಗೆ ಬಿದ್ದಿವೆ ಅಂತ ನೋಡೋದು. ಬೇಟೆಗೆ ಹೋಗುವವನಿಗೆ ಇದು ಮಾರ್ಕಿನ ಪ್ರಶ್ನೆ ಅಲ್ಲ. ತಪ್ಪು ಸ್ಲಗ್ ಅಂದ್ರೆ ಗಾಯಗೊಂಡು ಓಡಿಹೋಗಿ ಎಲ್ಲೋ ನರಳಿ ಸಾಯುವ ಪ್ರಾಣಿ. ನಮ್ಮಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಅದು ಹಾಗೇ ಇರಲಿ ಅನ್ನೋದೇ ನಮ್ಮ ಆಸೆ. ಲೆಕ್ಕ ಮಾತ್ರ ಎಲ್ಲರದ್ದು.

ಅಂದ ಹಾಗೆ ಜಗಳದಲ್ಲಿ ಇಬ್ಬರೂ ಸೋತರು. ಒಳ್ಳೆ ಸ್ಲಗ್ ಅಂತ ಒಂದಿಲ್ಲ. ಈ ಗಾಳಿಗೆ, ಈ ನಳಿಗೆಗೆ ಒಪ್ಪುವ ಸ್ಲಗ್ ಅಂತ ಇದೆ.

ಕಡಲೂರಿನ ಕೊನೆ

1749ರಲ್ಲಿ ಈಸ್ಟ್ ಇಂಡಿಯಾ ಕಂಪನಿ ರಾಬಿನ್ಸ್‌ನನ್ನು ಇಂಜಿನಿಯರ್ ಜನರಲ್ ಆಗಿ ನೇಮಿಸಿತು. ಫ್ರೆಂಚರ ಕೈಗೆ ಹೋಗಿ ಆಗಷ್ಟೇ ವಾಪಸ್ ಬಂದಿದ್ದ ಮದ್ರಾಸಿನ ಕೋಟೆ ಮತ್ತು ಕಡಲೂರಿನ ಸೇಂಟ್ ಡೇವಿಡ್ ಕೋಟೆಯನ್ನು ಭದ್ರ ಮಾಡೋ ಕೆಲಸ. 1750ರ ಜುಲೈನಲ್ಲಿ ಇಲ್ಲಿಗೆ ಬಂದಿಳಿದ. ನಕ್ಷೆ ಹಾಕಿದ. ಹವೆ ಒಗ್ಗಲಿಲ್ಲ, ಜ್ವರ ಹಿಡಿಯಿತು. ಒಮ್ಮೆ ಚೇತರಿಸಿಕೊಂಡರೂ 1751ರ ಜುಲೈ 29ರಂದು ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಕಂಪನಿಗೆ ಕಳಿಸಬೇಕಾದ ವರದಿ ಬರೀತಾ ಇದ್ದಾಗಲೇ, ಲೇಖನಿ ಕೈಯಲ್ಲಿರುವಾಗಲೇ ಸಾವು ಬಂತು ಅಂತ ಹೇಳ್ತಾರೆ. ವಯಸ್ಸು 44.

ಆತನ ಜಾಣ್ಮೆಯ ಕೊನೆಯ ವರ್ಷ ಸಂದಿದ್ದು ನಮ್ಮ ನೆಲದಲ್ಲಿ ಬೇರೂರುತ್ತಿದ್ದ ಕಂಪನಿಯ ಕೋಟೆಗಳಿಗೆ. ಇದನ್ನು ಮರೆತು ಹೊಗಳೋಕೆ ನಮಗೆ ಮನಸ್ಸಿಲ್ಲ. ಆಯುಧ ಬೇಡವೆಂದ ಮನೆಯ ಮಗನಿಗೆ ಇದು ಯಾವತ್ತಾದರೂ ಚುಚ್ಚಿತ್ತೋ ಏನೋ. ನಾವೂ ನಾಳೆ ಯಾವುದೋ ಕಂಪನಿಗೆ ಲೆಕ್ಕ ಹಾಕಿ ಕೊಡುವವರೇ, ಅದು ಯಾರ ಮೇಲೆ ಹೋಗಿ ಬೀಳುತ್ತೆ ಅಂತ ಕೇಳಿಕೊಳ್ಳೋದು ನಮ್ಮ ಕೆಲಸವೂ ಹೌದು.

ಉಳಿದಂತೆ, ಮುಂದಿನ ಸಲ ಆ ನೇತಾಡುವ ದಿಮ್ಮಿಯ ಲೆಕ್ಕ ಬಂದಾಗ ಉತ್ತರಕ್ಕೆ ಎರಡು ಗೆರೆ ಎಳೆಯೋ ಮೊದಲು ಒಂದು ನಿಮಿಷ ನಿಲ್ಲಿ. ಕೆಲಸ ಕೈತಪ್ಪಿದವನೊಬ್ಬ ರಿಬ್ಬನ್ ಹಿಡಿದು ಬಗ್ಗಿ ಅಳತೆ ನೋಡ್ತಿದ್ದಾನೆ.