ಬಹಿಷ್ಕಾರಕ್ಕೆ ಬೆದರದ ವಕೀಲ ಕುದ್ಮುಲ್ ರಂಗರಾವ್

ಫಳ್ನೀರ್‌ನಿಂದ ಕಂಕನಾಡಿಯತ್ತ ಸಾಗಿದರೆ ಇಂದು ಕಾಣುವುದು ಆಸ್ಪತ್ರೆಗಳು ಮತ್ತು ವಾಹನಗಳ ದಟ್ಟಣೆ. ನಗರದಲ್ಲಿ ಹಲ್ಲೆ, ಚೂರಿ ಇರಿತಗಳಾದಾಗಲೆಲ್ಲ ಶಾಂತಿಸಭೆಗಳ ಮಾತು ಕೇಳಿಬರುತ್ತದೆ. ಆದರೆ ಪೊಲೀಸ್ ದಾಖಲೆಗೇ ಬಾರದಿದ್ದ ಹಿಂಸೆಯೊಂದರ ವಿರುದ್ಧ ಕೇರಿಯ ಜನರನ್ನು ಸಜ್ಜುಗೊಳಿಸಿದ ವಕೀಲರೊಬ್ಬರು ಇದೇ ಮಂಗಳೂರಿನಲ್ಲಿದ್ದರು.

ಕುದ್ಮುಲ್ ರಂಗರಾಯರು ಜನಿಸಿದ್ದು 1859ರಲ್ಲಿ, ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಎಳವೆಯಲ್ಲೇ ಮಂಗಳೂರಿಗೆ ಬಂದು ಶಿಕ್ಷಕರಾದರು, ಬಳಿಕ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಡವರ ವಕೀಲರೆನಿಸಿದರು. ಬ್ರಹ್ಮಸಮಾಜದ ಸಂಪರ್ಕ ಅವರ ದಾರಿಯನ್ನೇ ಬದಲಿಸಿತು.

ಅಸ್ಪೃಶ್ಯತೆಯನ್ನು ಸಂವಿಧಾನ ನಿಷೇಧಿಸಿದ್ದು 1950ರಲ್ಲಿ, ಅದನ್ನು ದಂಡಿಸುವ ಕಾಯ್ದೆ ಬಂದದ್ದು 1955ರಲ್ಲಿ. ರಂಗರಾಯರ ಕಾಲದಲ್ಲಿ ದಲಿತನನ್ನು ದಾರಿಯಿಂದ ಅಟ್ಟುವುದು ಅಪರಾಧವೆನಿಸಿರಲಿಲ್ಲ, ರೂಢಿಯಾಗಿತ್ತು. ನ್ಯಾಯಾಲಯದಿಂದಷ್ಟೇ ಇದಕ್ಕೆ ಪರಿಹಾರವಿಲ್ಲವೆಂಬುದನ್ನು ವಕೀಲರಾದ ಅವರಿಗಿಂತ ಬಲ್ಲವರಾರು? 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಮುಂಬಯಿಯಲ್ಲಿ ವಿಠ್ಠಲ ರಾಮಜಿ ಶಿಂದೆ ಅದೇ ಬಗೆಯ ಸಂಸ್ಥೆ ಕಟ್ಟಿದ್ದು 1906ರಲ್ಲಿ ಎಂಬುದು ಗಮನಾರ್ಹ.

ಶಾಲೆ ತೆರೆದರೆ ಸಾಲದಾಗಿತ್ತು. ಪಾಠ ಹೇಳಲು ಮೇಲ್ಜಾತಿಯ ಶಿಕ್ಷಕರು ಮುಂದಾಗದಿದ್ದಾಗ ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಮಕ್ಕಳು ಬಂದರೆ ಮನೆಯ ದುಡಿಮೆ ತಪ್ಪುತ್ತದೆಂದು ಹೆತ್ತವರು ಹಿಂಜರಿದಾಗ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನದ ಊಟವನ್ನೂ ನೀಡಿದರು. ಸರ್ಕಾರವೇ ಬಿಸಿಯೂಟ ಆರಂಭಿಸಲು ನಮ್ಮ ರಾಜ್ಯ ಮತ್ತೊಂದು ಶತಮಾನ ಕಾಯಬೇಕಾಯಿತು! ಕಂಕನಾಡಿ, ಬೋಳೂರು, ಮುಲ್ಕಿ, ಉಡುಪಿಗಳಿಗೂ ಶಾಲೆಗಳು ಹಬ್ಬಿದವು. ಶೇಡಿಗುಡ್ಡೆಯಲ್ಲಿ ಕೈಕಸುಬಿನ ತರಬೇತಿ ನಡೆಯಿತು. ಮನೆ ನಿವೇಶನಗಳ ಜತೆಗೆ ಸಹಕಾರ ಸಂಘವೂ ಬಂದಿತು. ಕೇರಿಯವರೇ ಪೌರಸಭೆಯಲ್ಲಿ ಕುಳಿತು ಮಾತನಾಡಬೇಕೆಂದು ದಲಿತ ಪ್ರತಿನಿಧಿಗಳ ನಾಮಕರಣಕ್ಕಾಗಿಯೂ ಅವರು ಶ್ರಮಿಸಿದರು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಸ್ವಜಾತಿ ಬಾಂಧವರು ಬಹಿಷ್ಕಾರ ಹಾಕಿದರು, ಕ್ಷೌರಿಕರೂ ಅಗಸರೂ ಮನೆಯತ್ತ ಸುಳಿಯದಂತಾಯಿತು. ಆದರೂ ಮನೆಯೊಳಗೂ ಅವರ ನಿಲುವು ಬದಲಾಗಲಿಲ್ಲ. ಮಗಳು ರಾಧಾಬಾಯಿಯ ವಿವಾಹ ಜಾತಿಯ ಗಡಿ ದಾಟಿ ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕುಮಾರಮಂಗಲಂ ಈ ದಂಪತಿಯ ಪುತ್ರ.

ತಮ್ಮ ಶಾಲೆಯಲ್ಲಿ ಕಲಿತ ದಲಿತ ಬಾಲಕನೊಬ್ಬ ಮುಂದೆ ಅಧಿಕಾರಿಯಾಗಿ ಕಾರಿನಲ್ಲಿ ಸಾಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಬೇಕೆಂಬುದು ಅವರ ಹಂಬಲವಾಗಿತ್ತು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ನಿಧನರಾದರು. ಗಾಂಧೀಜಿ 1934ರಲ್ಲಿ ಮಂಗಳೂರಿಗೆ ಬಂದಾಗ ಮಿಷನ್‌ಗೆ ಭೇಟಿ ನೀಡಿದರು. ನಗರದ ಪುರಭವನಕ್ಕೆ ಇಂದು ರಂಗರಾಯರದೇ ಹೆಸರು. ತಮ್ಮ ಅಂತ್ಯಕ್ರಿಯೆಯನ್ನು ಜಾಡಮಾಲಿಗಳೇ ನೆರವೇರಿಸಬೇಕೆಂದು ಅವರು ಮೊದಲೇ ತಿಳಿಸಿದ್ದರು, ಹಾಗೆಯೇ ನಡೆಯಿತು.